ನೆಲ ನಿಜಕ್ಕೂ ಡೊಂಕಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆಮಾತಿನ ವಿಸ್ತರಣೆ ಬರೆಯಿರಿ ಎಂದು ಈ ಗಾದೆಯನ್ನು ಕೊಟ್ಟರೆ ಮಕ್ಕಳೆಲ್ಲ ಒಂದೇ ಅಚ್ಚಿನಲ್ಲಿ ಬರೆಯುತ್ತಾರೆ. ತಮ್ಮ ತಪ್ಪನ್ನು ಮುಚ್ಚಿಕೊಳ್ಳಲು ಕೆಲವರು ಬೇರೆಯವರ ಮೇಲೆ ದೂರು ಹಾಕುತ್ತಾರೆ, ಹಾಗೆ ಮಾಡಬಾರದು, ಇದೇ ಈ ಗಾದೆಯ ನೀತಿ. ಐದಕ್ಕೆ ನಾಲ್ಕು ಅಂಕ. ಇಷ್ಟು ವರ್ಷಗಳಲ್ಲಿ ಒಂದು ಮಗುವಾದರೂ ಎದ್ದುನಿಂತು, "ಅಕ್ಕೋರ, ಆ ನೆಲಾ ಯಾರರೆ ನೋಡಿದ್ರೇನ್ರೀ?" ಎಂದು ಕೇಳಲಿಲ್ಲ. ಕೇಳಿದ್ದರೆ ಆ ಮಗುವಿಗೆ ಐದಕ್ಕೆ ಐದು ಕೊಡುತ್ತಿದ್ದೆ. ಗಾದೆ ಕಟ್ಟಿದವರೂ ನೆಲ ನೋಡಿದ ಹಾಗೆ ಕಾಣುವುದಿಲ್ಲ. ಕುಣಿಯುವವನು ಗಂಡಸಾಗಿದ್ದರೆ ನಾಲ್ಕು ಜನ ಗುದ್ದಲಿ ಹಿಡಿದು ನೆಲ ಸಮ ಮಾಡಲು ಓಡುತ್ತಿದ್ದರೋ ಏನೋ!

ಈ ಗಾದೆ ನಮ್ಮ ಮನೆಗಳಲ್ಲಿ ದಿನವೂ ನಡೆಯುತ್ತದೆ. ಮಿಕ್ಸರ್ ಸುಟ್ಟುಹೋದರೆ ಮನೆಯಲ್ಲಿ ಹುಟ್ಟುವ ಮೊದಲ ಪ್ರಶ್ನೆ, "ಅದರಾಗ ಏನ್ ಹಾಕಿದ್ದಿ?" ಕುಕ್ಕರಿನ ಸೇಫ್ಟಿ ವಾಲ್ವ್ ಹಾರಿದರೆ, "ಸೀಟಿ ಎಣಿಸಲಿಲ್ಲೇನು?" ಸ್ಕೂಟರಿನ ಬ್ರೇಕಿನ ತಂತಿ ಹರಿದು ಹೆಣ್ಣುಮಗಳೊಬ್ಬಳು ಬಿದ್ದರೆ, ತಂತಿಯನ್ನು ಯಾರೂ ಬಗ್ಗಿ ನೋಡುವುದಿಲ್ಲ. "ಹೆಣ್ಮಕ್ಕಳು ಗಾಡಿ ಹೊಡದ್ರ ಹಿಂಗ ನೋಡ್ರಿ" ಎಂದು ನೆರೆದವರೆಲ್ಲ ತೀರ್ಪು ಕೊಟ್ಟುಬಿಡುತ್ತಾರೆ. ಅದೇ ಮಿಕ್ಸರು ಗಂಡನ ಕೈಯಲ್ಲಿ ಸುಟ್ಟರೆ ಕಂಪನಿ ಸರಿಯಿಲ್ಲ. ಅದೇ ಸ್ಕೂಟರಿನಿಂದ ಅವನು ಬಿದ್ದರೆ ರಸ್ತೆ ಸರಿಯಿಲ್ಲ. ಇದನ್ನು ನಾವು ನಕ್ಕು ಬಿಡುತ್ತ ಬಂದಿದ್ದೇವೆ. ಆದರೆ ಈಗ ಹೆಣ್ಣುಮಕ್ಕಳ ಕೈಗೆ ಹತ್ತು ಲಕ್ಷದಷ್ಟು ಬೆಲೆಬಾಳುವ ಹಾರುವ ಯಂತ್ರವನ್ನು ಸರಕಾರವೇ ಕೊಡತೊಡಗಿದೆ. ಇನ್ನು ನಕ್ಕು ಬಿಟ್ಟರೆ ನಡೆಯುವುದಿಲ್ಲ.

ನಾನು ಹೇಳುತ್ತಿರುವುದು ಹೊಲಕ್ಕೆ ಔಷಧಿ ಹೊಡೆಯುವ ಡ್ರೋನಿನ ಮಾತು. 2023ರ ನವೆಂಬರ್ 30ರಂದು ಪ್ರಧಾನಿಗಳು ಚಾಲನೆ ಕೊಟ್ಟ 'ನಮೋ ಡ್ರೋನ್ ದೀದಿ' ಯೋಜನೆಯ ಗುರಿ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವುದು. ಅದಕ್ಕಾಗಿ ಗೊತ್ತುಪಡಿಸಿದ ಹಣ 1261 ಕೋಟಿ ರೂಪಾಯಿ. ಬೆಲೆಯ ಶೇಕಡಾ 80ರಷ್ಟು, ಹೆಚ್ಚೆಂದರೆ 8 ಲಕ್ಷ, ಸಹಾಯಧನ. ಉಳಿದದ್ದಕ್ಕೆ ಸಂಘ ಸಾಲ ತೆಗೆಯಬಹುದು. ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ತರಬೇತಿ. ಅದರಲ್ಲಿ 5 ದಿನ ಹಾರಿಸುವುದನ್ನು ಕಲಿಯಲು, 10 ದಿನ ಗೊಬ್ಬರ, ಔಷಧಿ ಸಿಂಪಡಿಸುವುದನ್ನು ಕಲಿಯಲು. ಸಂಘಕ್ಕೆ ವರ್ಷಕ್ಕೆ ಒಂದು ಲಕ್ಷವಾದರೂ ಹೆಚ್ಚಿನ ಆದಾಯ ಬರಬೇಕೆಂಬುದು ಸರಕಾರದ ಲೆಕ್ಕ. ಡ್ರೋನ್ ಬೇಕೋ ಬೇಡವೋ, ಅದರಿಂದ ಕೂಲಿಯವರ ಕೆಲಸ ಹೋಗುತ್ತದೋ ಇಲ್ಲವೋ ಎಂಬುದು ಬೇರೆ ಜಗಳ. ಅದನ್ನು ಇನ್ನೊಮ್ಮೆ ಆಡೋಣ. ಕೊಟ್ಟ ಮೇಲೆ ಅದು ಒಂದು ದಿನ ಬಿದ್ದೇ ಬೀಳುತ್ತದೆ. ಬಿದ್ದಾಗ ಏನಾಗುತ್ತದೆ ಎನ್ನುವುದು ಇವತ್ತಿನ ಮಾತು.

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಸಿಗುವ ತಿಕೋಟಾ ಕಡೆಯ ಒಂದು ಹಳ್ಳಿಯಲ್ಲಿ ಇಂಥ ಡ್ರೋನ್ ಹಾರಿಸುವ ಹೆಣ್ಣುಮಗಳೊಬ್ಬಳನ್ನು ನಾನು ಬಲ್ಲೆ. ತೊಗರಿ ಹೂವಾಡುವ ಹೊತ್ತು, ಕಾಯಿಕೊರಕದ ಔಷಧಿ ಹೊಡೆದು ಮುಗಿಸಿ ಡ್ರೋನನ್ನು ಇಳಿಸುತ್ತಿದ್ದಳು. ನೆಲ ಇನ್ನು ಆಳೆತ್ತರ ಇದೆ ಎನ್ನುವಾಗ ಅದು ಒಂದು ಮಗ್ಗುಲಿಗೆ ವಾಲಿ ದೊಪ್ಪನೆ ಬಿತ್ತು. ಒಂದು ತೋಳು ಮುರಿಯಿತು, ರೆಕ್ಕೆಗಳು ಚೂರಾದವು, ತೊಟ್ಟಿ ಒಡೆದು ಉಳಿದ ಔಷಧಿ ಎರೆಮಣ್ಣಿಗೆ ಇಂಗಿತು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಹೊಲದ ಬದುವಿನ ಮೇಲೆ ಕೂತಿದ್ದವರು ಕೂತಲ್ಲಿಂದಲೇ ತನಿಖೆ ಮುಗಿಸಿದರು: "ಹೆಣ್ಮಕ್ಕಳ ಕೈಯಾಗ ಕೊಟ್ರ ಇನ್ನೇನ್ ಆಗ್ತೈತಿ?" ಮಾರಿದವರ ಕಡೆಯವನು ಫೋನಿನಲ್ಲಿ ಕಳಿಸಿದ ಫೋಟೊ ನೋಡಿಯೇ 'ಪೈಲಟ್ ತಪ್ಪು' ಎಂದುಬಿಟ್ಟ. ಎರಡು ದಿನಗಳಿಂದ ಒಂದು ಮೋಟರು ಬೇರೆ ಥರ ಸದ್ದು ಮಾಡುತ್ತಿದೆ ಎಂದು ಅವಳೇ ಅವನಿಗೆ ಫೋನ್ ಮಾಡಿ ಹೇಳಿದ್ದಳು. ಆ ಮಾತು ಯಾರ ನೆನಪಿಗೂ ಬರಲಿಲ್ಲ. ಮುಂದೆ ಬೇರೆ ಮೆಕ್ಯಾನಿಕ್ ಒಬ್ಬ ಆ ಮೋಟರು ಬಿಚ್ಚಿದಾಗ ಒಳಗಿನ ಬೇರಿಂಗು ಔಷಧಿಯ ತುಂತುರಿಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತಂತೆ. ಆದರೆ ಅಷ್ಟರಲ್ಲಿ ಊರಿನ ತೀರ್ಪು ಹೊರಬಿದ್ದಾಗಿತ್ತು. ರಿಪೇರಿ ಖರ್ಚು ಸಂಘದ ತಲೆಗೆ ಬಂತು, ಬ್ಯಾಂಕಿನ ಕಂತು ಮಾತ್ರ ನಿಲ್ಲಲಿಲ್ಲ. "ಮಷೀನ್ ಬಿದ್ದದ್ದಕ್ಕ ದುಃಖ ಇಲ್ರೀ ಅಕ್ಕೋರ, ನನ್ನ ಮಾತು ಬಿತ್ತಲ್ರೀ" ಅಂದಳು ಅವಳು.

ಈಗ ಇದರ ಪಕ್ಕದಲ್ಲಿ ನಮ್ಮ ರಾಜ್ಯದ್ದೇ ಮೂರು ಘಟನೆಗಳನ್ನು ಇಟ್ಟು ನೋಡಿ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಹಾರಿದ ಖಾಸಗಿ ತರಬೇತಿ ಸಂಸ್ಥೆಯ ಪುಟ್ಟ ವಿಮಾನವೊಂದು ಹೊನ್ನಿಹಾಳದ ಹತ್ತಿರ ಹೊಲದಲ್ಲಿ ತುರ್ತಾಗಿ ಇಳಿಯಿತು. ಜೂನ್ 1ರಂದು ಚಾಮರಾಜನಗರ ಜಿಲ್ಲೆಯ ಭೋಗಾಪುರದ ಹತ್ತಿರ ವಾಯುಪಡೆಯ 'ಕಿರಣ್' ತರಬೇತಿ ವಿಮಾನ ಬಯಲಿಗೆ ಬಿತ್ತು. ಅದರಲ್ಲಿದ್ದ ಇಬ್ಬರೂ ಪ್ಯಾರಾಚೂಟ್ ಹಿಡಿದು ಪಾರಾದರು; ಅವರಲ್ಲಿ ಒಬ್ಬರು ಮಹಿಳೆ. ಅದೇ ವರ್ಷ ಆಗಸ್ಟ್ 20ರಂದು ಹಿರಿಯೂರು ತಾಲೂಕಿನ ವದ್ದಿಕೆರೆಯ ಹೊಲದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ 'ತಪಸ್' ಎಂಬ ಮಾನವರಹಿತ ವಿಮಾನ ಪರೀಕ್ಷಾ ಹಾರಾಟದ ವೇಳೆ ಬಿದ್ದು ಚೂರಾಯಿತು. ಮೂರಕ್ಕೂ ಪತ್ರಿಕೆಗಳಲ್ಲಿ ಬಂದ ವಿವರಣೆ ಹೆಚ್ಚುಕಡಿಮೆ ಒಂದೇ: ತಾಂತ್ರಿಕ ದೋಷ. ದೊಡ್ಡ ಸಂಸ್ಥೆಯ ಯಂತ್ರ ಬಿದ್ದರೆ ತಾಂತ್ರಿಕ ದೋಷ, ಸಂಘದ ಹೆಣ್ಣುಮಗಳ ಯಂತ್ರ ಬಿದ್ದರೆ ಹೆಣ್ಣಿನ ದೋಷ. ಒಂದೇ ಆಕಾಶ, ಒಂದೇ ಹೊಲ, ನ್ಯಾಯ ಎರಡು.

ಹಾಗಂತ 'ತಾಂತ್ರಿಕ ದೋಷ' ಎಂಬ ಮಾತನ್ನು ನಮಗೂ ದಯಪಾಲಿಸಿ ಎಂದು ನಾನು ಕೇಳುತ್ತಿಲ್ಲ. ಆ ಮಾತಿನ ಮೇಲೂ ನನಗೆ ತಕರಾರಿದೆ. ಯಂತ್ರಕ್ಕೆ ತಾನಾಗಿ ದೋಷ ಹುಟ್ಟುವುದಿಲ್ಲ. ಬೇರಿಂಗು ತುಕ್ಕು ಹಿಡಿದರೆ ಅದನ್ನು ಎಷ್ಟು ಗಂಟೆಗೊಮ್ಮೆ ನೋಡಬೇಕೆಂದು ಬರೆದಿಡಬೇಕಾದವರಿದ್ದಾರೆ, ನೋಡಬೇಕಾದವರಿದ್ದಾರೆ, ಬಿಡಿಭಾಗ ಕಳಿಸಬೇಕಾದವರಿದ್ದಾರೆ. 'ತಾಂತ್ರಿಕ ದೋಷ' ಎಂದರೆ ಅವರೆಲ್ಲ ಮನೆಗೆ ಹೋಗಬಹುದು. 'ಅವಳಿಗೆ ಬರಲಿಲ್ಲ' ಎಂದರೂ ಅವರೇ ಮನೆಗೆ ಹೋಗಬಹುದು. ಎರಡು ಮಾತೂ ಕಡತ ಮುಚ್ಚುವ ಮಾತುಗಳೇ. ಒಂದರಲ್ಲಿ ಯಾರೂ ಹೊಣೆಯಿಲ್ಲ, ಇನ್ನೊಂದರಲ್ಲಿ ಬಾಯಿಲ್ಲದವಳು ಹೊಣೆ.

ವಿಮಾನ ಹಾರಿಸುವ ಜಗತ್ತು ಈ ಪಾಠವನ್ನು ಕಲಿತು ಎಂಬತ್ತು ವರ್ಷಗಳಾದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಎಂಬ ಬಾಂಬರ್ ವಿಮಾನಗಳು ಸುರಕ್ಷಿತವಾಗಿ ಇಳಿದು ನೆಲದ ಮೇಲೆ ಓಡುತ್ತಿರುವಾಗಲೇ ಹೊಟ್ಟೆ ಕಚ್ಚಿ ಕುಸಿಯುತ್ತಿದ್ದವು. ಪೈಲಟ್‌ಗಳು ರೆಕ್ಕೆಯ ಫ್ಲಾಪನ್ನು ಮೇಲೆತ್ತುವ ಬದಲು ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಪೈಲಟ್ ತಪ್ಪು ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. 1943ರಲ್ಲಿ ಅಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಹೋಗಿ ಪೈಲಟ್ ಕೂರುವ ಜಾಗವನ್ನು ನೋಡಿದ. ಚಕ್ರದ ಗುಂಡಿ, ಫ್ಲಾಪಿನ ಗುಂಡಿ ಎರಡೂ ಅಕ್ಕಪಕ್ಕ, ನೋಡಲು ಒಂದೇ ಥರ. ದಣಿದ ಕೈ ಕತ್ತಲೆಯಲ್ಲಿ ಯಾವುದನ್ನು ಮುಟ್ಟೀತು? ಅವನು ಮಾಡಿದ ಉಪಾಯ ಬಹಳ ಸರಳ. ಚಕ್ರದ ಗುಂಡಿಗೆ ಒಂದು ಪುಟ್ಟ ರಬ್ಬರಿನ ಚಕ್ರ ಅಂಟಿಸಿದ, ಫ್ಲಾಪಿನದಕ್ಕೆ ಬೆಣೆಯಾಕಾರದ ತುಂಡು. ಮುಟ್ಟಿದರೆ ಗೊತ್ತಾಗಬೇಕು, ಅಷ್ಟೆ. ಅಲ್ಲಿಗೆ ಆ ತಪ್ಪು ನಿಂತಿತು. ಇವತ್ತಿಗೂ ವಿಮಾನಗಳಲ್ಲಿ ಚಕ್ರ ಇಳಿಸುವ ಹಿಡಿಕೆಯ ತುದಿ ಚಕ್ರದಂತೆಯೇ ಇರುತ್ತದೆ. ನೆಲ ನಿಜಕ್ಕೂ ಡೊಂಕಿತ್ತು. ಒಬ್ಬ ಬಗ್ಗಿ ನೋಡಿದ.

ಹೊಲಕ್ಕೆ ಔಷಧಿ ಹೊಡೆಯುವ ವಿಮಾನಗಳ ಕಥೆಯೂ ಇದಕ್ಕೆ ಹೊರತಲ್ಲ. ನೆಲಕ್ಕೆ ಹತ್ತಿರ ಹಾರಬೇಕು, ಮತ್ತೆ ಮತ್ತೆ ಇಳಿದು ಔಷಧಿ ತುಂಬಿಕೊಂಡು ಏರಬೇಕು. ಯುದ್ಧ ಮುಗಿದ ಮೇಲೆ ಉಳಿದ ಹಳೆಯ ವಿಮಾನಗಳನ್ನೇ ಈ ಕೆಲಸಕ್ಕೆ ಹಚ್ಚಿದಾಗ ಬಹಳ ಪೈಲಟ್‌ಗಳು ಸತ್ತರು. ಆಗ ಅಮೆರಿಕದ ಫ್ರೆಡ್ ವೈಕ್ ಎಂಬ ಎಂಜಿನಿಯರ್ ವಿಮಾನ ಬೀಳುತ್ತದೆ ಎಂದು ಒಪ್ಪಿಕೊಂಡೇ ವಿಮಾನ ಕಟ್ಟಿದ. 1950ರಲ್ಲಿ ಹಾರಿದ ಅವನ 'ಎಜಿ-1'ರಲ್ಲಿ ಎಂಜಿನ್ ಮುಂದೆ, ಅದರ ಹಿಂದೆ ಔಷಧಿಯ ತೊಟ್ಟಿ, ಎಲ್ಲಕ್ಕೂ ಹಿಂದೆ ಎತ್ತರದಲ್ಲಿ ಪೈಲಟ್. ಬಿದ್ದರೆ ಮುಂದಿನದೆಲ್ಲ ನುಗ್ಗಾಗಲಿ, ಮನುಷ್ಯ ಉಳಿಯಲಿ ಎಂಬ ಲೆಕ್ಕ. ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ 'ಬಸಂತ್' ಎಂಬ ಕೃಷಿ ವಿಮಾನದಲ್ಲೂ ಜೋಡಣೆ ಇದೇ ರೀತಿ. ಅದರ ಸುಧಾರಿಸಿದ ಮಾದರಿ ಮೊದಲು ಹಾರಿದ್ದು 1972ರ ಮಾರ್ಚ್ 30ರಂದು. 1980ರಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ 39 ವಿಮಾನಗಳಾಗಿದ್ದವು. ಪೈಲಟ್ ಜಾಣನಿದ್ದರೆ ಬೀಳುವುದಿಲ್ಲ ಎಂದು ಆ ಎಂಜಿನಿಯರುಗಳು ಹೇಳಲಿಲ್ಲ. ಬಿದ್ದಾಗ ಅವನಿಗೆ ಏನಾಗಬಾರದು ಎಂದು ಮೊದಲೇ ಯೋಚಿಸಿದರು.

ನಮ್ಮ ಹೆಣ್ಣುಮಗಳಿಗಾಗಿ ಯಾರು ಹೀಗೆ ಯೋಚಿಸಿದ್ದಾರೆ? ಅವಳು ಡ್ರೋನಿನೊಳಗೆ ಕೂತಿರುವುದಿಲ್ಲ, ನಿಜ. ಅವಳ ಜೀವಕ್ಕೆ ಅಷ್ಟು ಅಪಾಯವಿಲ್ಲ. ಅಪಾಯವಿರುವುದು ಅವಳ ಸಂಘದ ಹಣಕ್ಕೆ ಮತ್ತು ಅವಳ ಹೆಸರಿಗೆ. ಹಳ್ಳಿಯಲ್ಲಿ ಹೆಸರು ಹೋದ ಹೆಣ್ಣಿಗೆ ಎರಡನೆಯ ಅವಕಾಶ ಯಾರು ಕೊಡುತ್ತಾರೆ?

ಅವಳು ಮಾಡುವ ಕೆಲಸವನ್ನು ಒಮ್ಮೆ ಲೆಕ್ಕ ಹಾಕಿ. ದಿನಕ್ಕೆ 20 ಎಕರೆ ಸಿಂಪಡಿಸಬಹುದು ಎನ್ನುತ್ತದೆ ಸರಕಾರ. ಹತ್ತು ಲೀಟರಿನ ತೊಟ್ಟಿ ಸುಮಾರು ಒಂದು ಎಕರೆಗೆ ಸಾಕು. ಅಂದರೆ ದಿನಕ್ಕೆ 20 ಸಲ ಏರಿಸಬೇಕು, 20 ಸಲ ಇಳಿಸಬೇಕು. ಬೆಂಗಳೂರಿನಿಂದ ದಿಲ್ಲಿಗೆ ಹೋಗುವ ವಿಮಾನದ ಕ್ಯಾಪ್ಟನ್ ಕೂಡ ಒಂದೇ ದಿನದಲ್ಲಿ ಇಷ್ಟು ಸಲ ಇಳಿಸುವುದಿಲ್ಲ. ಮತ್ತೆ ಅವಳು ಇಳಿಸುವುದು ಎಲ್ಲಿ? ತಿಕೋಟಾ, ಬಬಲೇಶ್ವರ ಕಡೆಯ ಎರೆಹೊಲದಲ್ಲಿ. ನೆಲ ಹತ್ತಿರವಾದಂತೆ ಡ್ರೋನಿನ ಗಾಳಿಗೇ ಧೂಳೆದ್ದು ಮೋಟರಿಗೆ ನುಗ್ಗುತ್ತದೆ. ಪಕ್ಕದಲ್ಲೇ ದ್ರಾಕ್ಷಿ ಪಡ. ಕಬ್ಬಿಣದ ಆ್ಯಂಗಲ್ಲು, ತಂತಿಗಳ ಜಾಲ. ದಿಕ್ಕು ನೋಡಲು ಡ್ರೋನಿನೊಳಗಿರುವ ದಿಕ್ಸೂಚಿ ಕಬ್ಬಿಣದ ಹತ್ತಿರ ಎಡವಟ್ಟು ಮಾಡುತ್ತದೆ ಎಂಬುದು ಪ್ರೌಢಶಾಲೆಯ ವಿಜ್ಞಾನದ ಪಾಠ. ಬೇಸಿಗೆಯಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ಹಾರಿ ಬಂದ ಬ್ಯಾಟರಿ ತಣಿಯುವ ಮೊದಲೇ ಚಾರ್ಜಿಗೆ ಹಾಕಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ, ಉಬ್ಬಿಕೊಳ್ಳುತ್ತದೆ. ಆದರೆ "ಲಗೂ ಮುಗಿಸವಾ, ನಮ್ದೂ ಹೊಲಾ ಐತಿ" ಎಂದು ಮುಂದಿನ ಹೊಲದವನು ಅವಸರ ಮಾಡುತ್ತಾನೆ. ಇಷ್ಟೆಲ್ಲ ಡೊಂಕು ನೆಲದ ಮೇಲೆ ಅವಳನ್ನು ಕುಣಿಸುವುದು, 15 ದಿನ ಕಲಿಸಿ ಕಳಿಸುವುದು, ಕಾಲು ಜಾರಿದಾಗ ಗಾದೆ ಹೇಳುವುದು!

ಕಾಗದದ ಮೇಲಿನ ವ್ಯವಸ್ಥೆಯನ್ನೂ ನೋಡಿ. ಯೋಜನೆಯ ಮಾರ್ಗಸೂಚಿಯಲ್ಲಿ ಡ್ರೋನಿನ ಜೊತೆಗೆ ನಾಲ್ಕು ಹೆಚ್ಚುವರಿ ಬ್ಯಾಟರಿ ಸೆಟ್ಟು, ಒಂದು ಸೆಟ್ಟು ರೆಕ್ಕೆ, ಒಂದು ವರ್ಷದ ಸಮಗ್ರ ವಿಮೆ, ಎರಡು ವರ್ಷಗಳ ನಿರ್ವಹಣಾ ಕರಾರು ಸೇರಿವೆ. ಒಳ್ಳೆಯದು. ಆದರೆ ಯಂತ್ರ ಹೊಸದಿದ್ದಾಗ ವಿಮೆ ಇದ್ದು, ಹಳೆಯದಾಗಿ ಕೆಡತೊಡಗುವಾಗ ವಿಮೆ ಮುಗಿಯುವುದೆಂದರೆ, ಮಳೆ ಬರುವ ಮೊದಲು ಕೊಡೆ ಕೊಟ್ಟು ಮಳೆ ಬಂದ ಮೇಲೆ ಕಿತ್ತುಕೊಂಡ ಹಾಗೆ. ಇನ್ನು 2021ರ ಡ್ರೋನ್ ನಿಯಮಗಳ ಪ್ರಕಾರ ಅಪಘಾತವಾದರೆ ಹಾರಿಸಿದವರೇ 48 ಗಂಟೆಗಳೊಳಗೆ ವಿಮಾನಯಾನ ಮಹಾನಿರ್ದೇಶಕರಿಗೆ 'ಡಿಜಿಟಲ್ ಸ್ಕೈ' ಜಾಲತಾಣದ ಮೂಲಕ ವರದಿ ಕೊಡಬೇಕು. ಹಳ್ಳಿಯಲ್ಲಿ ಕೂತ ಸಂಘದ ಹೆಣ್ಣುಮಗಳಿಗೆ ಇದನ್ನು ಕಲಿಸಿದವರು ಯಾರು? ವರದಿ ಕೊಡದಿದ್ದರೆ ನಿಯಮ ಮುರಿದ ತಪ್ಪೂ ಅವಳದೇ ಆಗುತ್ತದೆ.

"ಹಾಗಾದರೆ ಹೆಂಗಸರು ತಪ್ಪೇ ಮಾಡುವುದಿಲ್ಲವೇನ್ರೀ?" ಎಂದು ಕೇಳುವವರಿದ್ದಾರೆ. ಮಾಡುತ್ತಾರೆ, ಯಾಕೆ ಮಾಡುವುದಿಲ್ಲ? ಬಿ-17ರ ಪೈಲಟ್‌ಗಳೂ ತಪ್ಪು ಗುಂಡಿಯನ್ನೇ ಒತ್ತಿದ್ದರು. ತಪ್ಪು ಮಾಡಿದರು ಎನ್ನುವುದು ನಿಜ, ಆದರೆ ಅಷ್ಟಕ್ಕೇ ಪ್ರಶ್ನೆ ಮುಗಿಯಲಿಲ್ಲ ಎನ್ನುವುದು ಮುಖ್ಯ. ವಿಮಾನ ಅಪಘಾತಗಳ ತನಿಖೆಗೆ ಜಗತ್ತೆಲ್ಲ ಒಪ್ಪಿದ ಅಂತಾರಾಷ್ಟ್ರೀಯ ನಿಯಮವೊಂದಿದೆ. ತನಿಖೆಯ ಏಕೈಕ ಉದ್ದೇಶ ಮತ್ತೆ ಅಪಘಾತವಾಗದಂತೆ ತಡೆಯುವುದು, ತಪ್ಪು ಹೊರಿಸುವುದಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಇನ್ನೂರು ಜನರನ್ನು ಹೊತ್ತ ವಿಮಾನಕ್ಕೆ ಇರುವ ಈ ವಿವೇಕ ಹತ್ತು ಲೀಟರು ಔಷಧಿ ಹೊತ್ತ ಯಂತ್ರಕ್ಕೆ ಯಾಕೆ ಬೇಡ?

ನನ್ನ ಬೇಡಿಕೆಗಳು ದೊಡ್ಡವಲ್ಲ. ಡ್ರೋನು ಎತ್ತರ, ಬ್ಯಾಟರಿಯ ಶಕ್ತಿ, ಮೋಟರುಗಳ ನಡೆ, ಎಲ್ಲವನ್ನೂ ತನ್ನೊಳಗೇ ದಾಖಲಿಸಿಕೊಳ್ಳುತ್ತದೆ. ಆ ದಾಖಲೆಯನ್ನು ಓದಿ ಬರಹದಲ್ಲಿ ಕಾರಣ ಕೊಡುವವರೆಗೆ 'ಪೈಲಟ್ ತಪ್ಪು' ಎಂದು ಯಾರೂ ಬಾಯಿ ಬಿಡಬಾರದು. ರಿಪೇರಿ ಮಾಡುವ ಜಾಗ ಎಲ್ಲಿದೆ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ ಎಂಬುದನ್ನು ಡ್ರೋನ್ ಕೊಡುವ ದಿನವೇ ಬರೆದುಕೊಡಬೇಕು. ಯಂತ್ರ ಕೆಟ್ಟು ನಿಂತ ತಿಂಗಳುಗಳಲ್ಲಿ ಸಾಲದ ಕಂತನ್ನು ಮುಂದೂಡಬೇಕು. ಸಾಲ ಇರುವಷ್ಟು ವರ್ಷವೂ ವಿಮೆ ಇರಬೇಕು. ತರಬೇತಿಯಲ್ಲಿ ಇಳಿಸುವುದಕ್ಕೂ ಬಿಚ್ಚಿ ನೋಡುವುದಕ್ಕೂ ಇನ್ನಷ್ಟು ದಿನ ಸೇರಿಸಬೇಕು. ಕಲಿಸುವ ಬಯಲಿನಲ್ಲಿ ಮಾತ್ರವಲ್ಲ, ಗಾಳಿ ಬೀಸುವ ಎರೆಹೊಲದಲ್ಲಿ, ದ್ರಾಕ್ಷಿ ಪಡದ ಮಗ್ಗುಲಲ್ಲಿ ನಿಲ್ಲಿಸಿ ಕಲಿಸಬೇಕು.

ಸಂಘದ ಅಕ್ಕತಂಗಿಯರಿಗೂ ಒಂದು ಮಾತು. ಒಂದು ನೋಟುಬುಕ್ಕು ಇಡಿ. ಯಾವ ಬ್ಯಾಟರಿಯನ್ನು ಎಷ್ಟನೆಯ ಸಲ ಚಾರ್ಜು ಮಾಡಿದಿರಿ, ಯಾವ ದಿನ ಯಾವ ಮೋಟರು ಸದ್ದು ಮಾಡಿತು, ಯಾರಿಗೆ ಎಷ್ಟು ಗಂಟೆಗೆ ಫೋನ್ ಮಾಡಿದಿರಿ, ಅವರು ಏನೆಂದರು, ಎಲ್ಲವನ್ನೂ ತಾರೀಖು ಹಾಕಿ ಬರೆಯಿರಿ. ಬಾಯಿಮಾತಿಗೆ ಸಾಕ್ಷಿ ಇಲ್ಲ. ಬರೆದದ್ದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲು ಬರುವುದಿಲ್ಲ.

ಪಟ್ಟಣದಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೂ ನನಗೂ ಇದರಲ್ಲಿ ಪಾಲಿದೆ. ನಮ್ಮಲ್ಲಿ ಒಬ್ಬಳು ಆ ಸಾಲದ ಕಾಗದಕ್ಕೆ ಸಹಿ ಹಾಕುವ ಬ್ಯಾಂಕಿನಲ್ಲಿರುತ್ತಾಳೆ, ಇನ್ನೊಬ್ಬಳು ವಿಮಾ ಕಚೇರಿಯಲ್ಲಿ, ಮತ್ತೊಬ್ಬಳು ಕೃಷಿ ಇಲಾಖೆಯಲ್ಲಿ. ಏನೂ ಇಲ್ಲದಿದ್ದರೆ ಮನೆಯಲ್ಲಿ ಚಹಾ ಕುಡಿಯುತ್ತ ಆ ಹಳ್ಳಿಯ ಹೆಂಗಸಿನ ಕಥೆ ಕೇಳಿ ನಗುವವರ ಎದುರು ಕೂತಿರುತ್ತಾಳೆ. ಆಗ ಸುಮ್ಮನಿರಬೇಡಿ. ಮೋಟರು ಬಿಚ್ಚಿ ನೋಡಿದರೇನು? ಬ್ಯಾಟರಿ ಎಷ್ಟು ಹಳೆಯದು? ಅವಳು ಮೊದಲೇ ಹೇಳಿದ್ದನ್ನು ಯಾರು ಕೇಳಿಸಿಕೊಂಡರು? ಈ ಮೂರು ಪ್ರಶ್ನೆಗಳನ್ನು ಕೇಳಿ. ಉತ್ತರ ಬರುವವರೆಗೆ ಎರಡನೆಯ ಕಪ್ಪು ಚಹಾ ಕೊಡಬೇಡಿ.